ಹಿಂದಕ್ಕೆ ಓಡಿದ ಸ್ಕೂಟರ್

ಕೊಟ್ಟೂರು, ಕೂಡ್ಲಿಗಿ ಕಡೆ ಟೂ-ಸ್ಟ್ರೋಕ್ ಸ್ಕೂಟರನ್ನು ಮನೆಯಲ್ಲೇ ಬಿಚ್ಚಿ ಕಟ್ಟಿದ ಗಂಡಸು ನಾನೊಬ್ಬನೇ. ಶಾಲೆ ಕಟ್ಟೆ ಹತ್ತಿದವನಲ್ಲ, ನೋಡ್ರಿ. ಆದರೂ ಸಿಲಿಂಡರ್ ಕೊರೆಸಿ ದೊಡ್ಡ ಪಿಸ್ಟನ್ ಹಾಕಿದೆ, ಸೈಲೆನ್ಸರ್ ಕೊಯ್ದು ಗಿಡ್ಡ ಮಾಡಿದೆ. ಗಾಡಿ ಮಾತ್ರ ಚಾಲೂ ಆಗಲೊಲ್ಲದು. ಮೂರು ತಿಂಗಳು ನಾನು ಕೂತಲ್ಲಿ ಕೂರಲಿಲ್ಲ. ಉಣ್ಣುವಾಗಲೂ ನಡುವೆ ಎದ್ದು ಹೋಗಿ ಒಂದು ನಟ್ಟು ತಿರುಗಿಸಿ ಬರುತ್ತಿದ್ದೆ. ಕೊನೆಗೆ ಬೇಸತ್ತು ನಮ್ಮಾಕಿ, ಅಂದರೆ ನನ್ನ ಹೆಂಡತಿ, ಗುಜರಿಯವನನ್ನೇ ಕರೆದು ತಂದಳು.

“ಕೊನೀ ಸಲ ಒದ್ದು ನೋಡ್ರಿ. ಚಾಲೂ ಆಗ್ಲಿಲ್ಲಂದ್ರ ಇವ ಒಯ್ತಾನ,” ಅಂದಳು.

ಅವನು ತಳ್ಳುಗಾಡಿಯನ್ನು ಸ್ಕೂಟರಿನ ಹಿಂದೆಯೇ ನಿಲ್ಲಿಸಿ ಬೀಡಿ ಹಚ್ಚಿದ. ನಾನು ಜೀವ ಬಿಗಿಹಿಡಿದು ಒದ್ದೆ. ಗುಡೇಕೋಟೆ ಗುಡ್ಡದ ಕರಡಿಗಳೆಲ್ಲ ಎದ್ದು ಕೂರುವಂಥ ಸದ್ದು ಬಂತು. ಒಂದನೇ ಗೇರ್ ಹಾಕಿ ಕ್ಲಚ್ ಬಿಟ್ಟೆ. ಸ್ಕೂಟರ್ ಸೊಯ್ಯಂತ ಹಿಂದಕ್ಕೆ ಹೋಗಿ ತಳ್ಳುಗಾಡಿಗೆ ಗುದ್ದಿ ನಿಂತಿತು.

“ಕಿಡಿ ಹಾರೋ ಟೈಮಿಂಗ್ ತಪ್ಪಿಟ್ಟೀರಿ ತಾತ. ಅದಕ್ಕ ಇಂಜಿನ್ ಉಲ್ಟಾ ತಿರುಗತೈತಿ,” ಅಂದ ಗುಜರಿಯವ.

“ತಪ್ಪಲ್ಲ ತಮ್ಮಾ. ರಿವರ್ಸ್ ಗೇರ್ ನಾನೇ ಕೂಡಿಸೀನಿ.”

“ಹಂಗಾರ ಮುಂದಕ್ಕ ಹೊಡ್ದು ತೋರಿಸ್ರಿ.”

ನಾನು ಅವನ ಕಡೆ ತಿರುಗಲಿಲ್ಲ, ನಮ್ಮಾಕಿ ಕಡೆ ತಿರುಗಿದೆ. “ಚಾಲೂ ಆಗ್ಬೇಕು ಅಂದಿದ್ದಿ, ಆಗೇತಿ. ಯಾವ ಕಡಿ ಹೋಗ್ಬೇಕು ಅಂತ ನೀ ಹೇಳಿದ್ದಿಲ್ಲ.”

ಆಕೆ ಸೆರಗು ಬಾಯಿಗೆ ಹಿಡಿದು ನಕ್ಕು ಒಳಗೆ ಹೋದಳು. ಸ್ಕೂಟರ್ ಮನೆಯಲ್ಲೇ ಉಳಿಯಿತು, ಈಗ ಮುಂದಕ್ಕೂ ಓಡುತ್ತದೆ. ಟೈಮಿಂಗ್ ಸರಿ ಮಾಡಿಕೊಟ್ಟದ್ದು ಅದೇ ಗುಜರಿಯವ, ಸುಳ್ಳು ಯಾಕೆ ಹೇಳಲಿ. ಸ್ಕ್ರೂಡ್ರೈವರ್ ಮಾತ್ರ ನನ್ನದು.