ಇನ್ನೆರಡೇ ಸಾಲು

ನಮ್ಮ ಅತ್ತಿಗೆ ಕೈಗೆತ್ತಿಕೊಂಡ ಕೆಲಸವನ್ನು ಬಿಟ್ಟವರಲ್ಲ, ಮುಗಿಸಿದವರೂ ಅಲ್ಲ. ಅವರ ಮನೆಯಲ್ಲಿ ಕೂರುವ ಮುನ್ನ ಕುರ್ಚಿಯನ್ನು ತಡವಿ ನೋಡಬೇಕು; ಸೂಜಿಯೋ ಹೆಣಿಗೆಯ ಕಡ್ಡಿಯೋ ನಮಗಿಂತ ಮೊದಲೇ ಆಸೀನವಾಗಿರುತ್ತದೆ. ಹೊಲಿಗೆಯಂತ್ರದ ಮೇಲೆ ಒಂದೇ ಕಾಲಿನ ಪಾಯಿಜಾಮ, ಅಕ್ಕಿ ಡಬ್ಬದಲ್ಲಿ ಉಣ್ಣೆಯ ಉಂಡೆ. ಮೊಮ್ಮಗಳು ತೊಟ್ಟಿಲಲ್ಲಿದ್ದಾಗ ಶುರು ಮಾಡಿದ ಸ್ವೆಟರನ್ನು ಅವಳು ಬೆಳೆದಂತೆಲ್ಲ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಾರೆ. ಅವಳೀಗ ಕಾಲೇಜಿಗೆ ಹೋಗುತ್ತಾಳೆ. ಕೇಳಿದರೆ, "ಇನ್ನೆರಡೇ ಸಾಲು, ಮುಗೀತು" ಎನ್ನುತ್ತಾರೆ. "ಇವಳ ಎರಡು ಸಾಲಿಗೆ ಕಾದೂ ಕಾದೂ ನನ್ನ ಕೂದಲೆಲ್ಲ ಬೆಳ್ಳಗಾಯ್ತಪ್ಪಾ" ಎಂದು ಅಣ್ಣ ರೇಗಿಸುತ್ತಾನೆ. "ಇರೋ ನಾಲ್ಕು ಕೂದಲಿಗೆ ಜಂಬ ನೋಡಿ!" ಎಂದು ಅತ್ತಿಗೆಯ ಉತ್ತರ. ಹೋದ ವರ್ಷ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿದಾಗ ಅಣ್ಣ, "ಹೆಂಡತಿ ಕೈಲಿ ಗುಂಡಿ ಹಾಕಿಸ್ಕೊಂಡು ನಾನು ಬೀದಿಗೆ ಬರಲ್ಲ" ಎಂದು ಹಟ ಹಿಡಿದು ಒಳಗೇ ಕೂತುಬಿಟ್ಟಿದ್ದ. ಎರಡು ವಾರ ಕಳೆದು ನೋಡಲು ಹೋದರೆ, ತಾನೇ ಅಂಗಿ ತೊಟ್ಟು ಗೇಟಿನ ಬಳಿ ನಿಂತಿದ್ದಾನೆ! ಹತ್ತಿರ ಹೋಗಿ ನೋಡಿದೆ. ಗುಂಡಿಗಳೆಲ್ಲ ಬರಿಯ ತೋರಿಕೆಗೆ ಮೇಲೆ ಹೊಲಿದವು; ಅಡಿಯಲ್ಲಿ ಎಡಗೈಯೊಂದರಿಂದಲೇ ಒತ್ತಬಹುದಾದ ಟಿಚ್ ಬಟನ್ನುಗಳು. ಅಣ್ಣನಿಗೆ ಇರುವುದು ಹನ್ನೊಂದು ಅಂಗಿ. ಹನ್ನೊಂದನ್ನೂ ಅತ್ತಿಗೆ ಒಂದೇ ವಾರದಲ್ಲಿ ಮುಗಿಸಿದ್ದರು.