ಓದದೆ ಬಿಟ್ಟ ಸಾಲು

ನೂರಜಾನ್, ನಿನ್ನ ತಂದೆಯ ಮುಖವನ್ನೇ ಕಾಣದೆ ನೀನು ಬೆಳೆದದ್ದು ನನ್ನಿಂದ. ಮುಂಬೈ ಕಚೇರಿಯ ಯಾರೋ ಕಾರಕೂನ ವೀಸಾ ಕಾಗದದಲ್ಲಿ ತಪ್ಪು ಬರೆದ ಎಂದು ನಿನ್ನ ತಾಯಿ ಹಲೀಮಾ ನಿನಗೆ ಹೇಳುತ್ತ ಬಂದಿದ್ದಾಳೆ. ಯಾವ ಕಾರಕೂನನೂ ತಪ್ಪು ಮಾಡಲಿಲ್ಲ. ಬರೆದವಳು ನಾನು — ತಿಳಿದೂ ತಿಳಿದೂ ಬರೆದೆ.

ನೀನು ನನ್ನನ್ನು ತಾಯಿಯ ಒಡಹುಟ್ಟಿದವಳೆಂಬಂತೆ ಮಾವಶಿ ಎನ್ನುತ್ತೀ. ಇದನ್ನು ಓದಿದ ಮೇಲೆ ಏನೆನ್ನುತ್ತೀಯೋ — ಇರಲಿ, ಮೊದಲು ಹೇಳಿಬಿಡುತ್ತೇನೆ.

ನಮ್ಮ ಸೀಮೆ ಇನ್ನೂ ಮುಂಬೈ ರಾಜ್ಯದಲ್ಲಿದ್ದ ಕಾಲ. ನಾನು ಜಮಖಂಡಿಯವಳು. ಅಪ್ಪ ಸಂಸ್ಥಾನದ ಕಚೇರಿಯಲ್ಲಿದ್ದರು, ನನಗೂ ಒಂದಿಷ್ಟು ಇಂಗ್ಲಿಷ್ ಕಲಿಸಿದ್ದರು. ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ಗಂಡ ತೀರಿಕೊಂಡರು. ಮುಲ್ಕಿ ಪರೀಕ್ಷೆ ಪಾಸು ಮಾಡಿ ರಬಕವಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸಲು ಅಕ್ಕೋರಾಗಿ ಬಂದಾಗ ನನಗೆ ಇಪ್ಪತ್ತೆರಡು. ನೇಕಾರರ ಓಣಿಯಲ್ಲಿ ಒಂದು ಕೋಣೆ ಸಿಕ್ಕಿತು. ಗೋಡೆಯ ಆಚೆ ನಿನ್ನ ಸೋದರಮಾವನ ಮನೆ; ಅಲ್ಲಿ ನಿನ್ನ ತಾಯಿಯ ಮಗ್ಗ. ಅದರ ಲಾಳಿ ಅತ್ತಿತ್ತ ಓಡುವ ಸಪ್ಪಳ ದಿನವಿಡೀ ನನಗೆ ಕೇಳುತ್ತಿತ್ತು.

ನಿನ್ನ ತಂದೆ ದಸ್ತಗೀರಸಾಬರು ಕರಾಚಿಯ ಬಟ್ಟೆ ಗಿರಣಿಯಲ್ಲಿದ್ದರು. ಅವರು ದುಡಿಯಲು ಹೋದಾಗ ಅದು ಪರದೇಶವಾಗಿರಲಿಲ್ಲ. ರಜೆಗೆ ಬಂದು, ಮದುವೆಯಾಗಿ, ಮನೆ ನೋಡಿ ಕರೆಸಿಕೊಳ್ಳುತ್ತೇನೆಂದು ಹೋದರು. ಅಷ್ಟರಲ್ಲಿ ದೇಶ ಎರಡಾಯಿತು. ಆಮೇಲೆ ಪಾಸ್‌ಪೋರ್ಟು, ವೀಸಾ ಎಂಬ ಹೊಸ ಮಾತುಗಳು ನಮ್ಮ ಓಣಿಗೂ ಬಂದವು. ಅವರ ಕಾಗದಗಳು ಕನ್ನಡದಲ್ಲೇ ಇರುತ್ತಿದ್ದವು. ಹಲೀಮಾಗೆ ಓದು ಬಾರದು. ಓದಿ ಹೇಳುವವಳು, ಉತ್ತರ ಬರೆಯುವವಳು ನಾನು.

ಅವಳು ನನಗೆ ಏನಾಗಿದ್ದಳು — ಅದನ್ನು ಹೇಗೆ ಹೇಳಲಿ? ಊರಿನ ಹೆಂಗಸರು ಅರಿಶಿನ ಕುಂಕುಮಕ್ಕೆ ಹೋಗುವಾಗ ನನ್ನ ಬಾಗಿಲು ದಾಟಿ ಮುಂದೆ ಹೋಗುತ್ತಿದ್ದರು. ಹಲೀಮಾ ಒಂದು ದಿನ ಆಗಷ್ಟೇ ಮಗ್ಗದಿಂದ ಇಳಿಸಿದ ಕೆಂಪಂಚಿನ ಸೀರೆಯನ್ನು ತಂದು ನನ್ನ ಹೆಗಲ ಮೇಲೆ ಹರವಿದಳು. ನಾನು ಗಾಬರಿಯಾಗಿ ಬಾಗಿಲ ಕಡೆ ನೋಡಿದೆ. ಅವಳು ನಕ್ಕು, "ಯಾರ್ ನೋಡ್ತಾರ್ರಿ ಅಕ್ಕೋರ? ಬಣ್ಣ ಹೆಂಗ ಒಪ್ಪತೈತಿ ಅಂತ ನೋಡಾಕತ್ತೇನಿ, ಅಷ್ಟ," ಎಂದಳು. ಗಂಡ ಹೋದ ಮೇಲೆ ನನ್ನ ಮೈಗೆ ಬಣ್ಣ ತಾಕಿದ್ದು ಅಂದೇ. ಅವಳು ಸೀರೆ ಮಡಚಿಕೊಂಡು ಹೋದಳು.

ವೀಸಾಕ್ಕೆ ಅರ್ಜಿ ಹಾಕಬೇಕೆಂದು ದಸ್ತಗೀರಸಾಬರ ಕಾಗದ ಬಂದದ್ದು ಆಮೇಲೆ. ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದರು: "ಖಾಯಂ ಇರಾಕ ಬರತಾಳ ಅಂತನ ಬರೀರಿ ಅಂತ ಅಕ್ಕೋರಿಗೆ ಹೇಳು. ಭೇಟಿಗೆ ಅಂತ ಬರದ್ರ ಮೂರು ತಿಂಗಳಿಗೆ ಹೊಳ್ಳಿ ಕಳಸ್ತಾರ. ಮತ್ತ ಬರೂದು ಭಾಳ ಕಠಿಣ."

ನಾನು ಕಾಗದ ಓದುತ್ತ ಅಲ್ಲಿಗೆ ಬಂದೆ. ಎದುರಿಗೆ ಹಲೀಮಾ ನನ್ನ ಬಾಯನ್ನೇ ನೋಡುತ್ತ ಕುಳಿತಿದ್ದಳು. ಆ ಸಾಲುಗಳನ್ನೂ, ಅವುಗಳ ಕೆಳಗಿನ ಸಾಲನ್ನೂ ಬಿಟ್ಟು, ಎಲ್ಲರಿಗೂ ಸಲಾಂ ಎಂಬ ಕೊನೆಯ ಸಾಲಿಗೆ ಹೋದೆ.

ಅರ್ಜಿ ತುಂಬುವಾಗ ಅವಳೇ ಕೇಳಿದಳು. "ಇದರಾಗ ಎರಡ ನಮೂನಿ ಅದಾವಂತಲ್ರಿ ಅಕ್ಕೋರ. ಯಾವದು ಛಲೋ?"

"ಭೇಟೀದು ಲಗೂ ಸಿಗ್ತದ. ಅಲ್ಲಿ ಹೋದ ಮ್ಯಾಲ ಖಾಯಂ ಮಾಡಿಸ್ಕೊಂಡ್ರಾತು," ಎಂದೆ.

"ನೀವು ಹೇಳಿದ್ರ ಮುಗೀತ್ ಬಿಡ್ರಿ," ಎಂದು ಹೆಬ್ಬೆಟ್ಟು ಒತ್ತಿದಳು.

ಅವಳು ಹೋಗಲಿ, ಗಂಡನನ್ನು ನೋಡಲಿ, ಆದರೆ ತಿರುಗಿ ಬರಲಿ — ನನಗೆ ಬೇಕಾದದ್ದು ಅಷ್ಟೇ. ಅಷ್ಟೇ ಎಂದು ಆಗ ಅಂದುಕೊಂಡಿದ್ದೆ. ಒಬ್ಬಳ ಸಂಸಾರವನ್ನೇ ಕಿತ್ತುಕೊಳ್ಳುತ್ತಿದ್ದೇನೆ ಎಂದು ಅನ್ನಿಸಲಿಲ್ಲವೇ? ಅನ್ನಿಸಿತ್ತು. ಅದಕ್ಕೇ ಆ ಕಾಗದವನ್ನು ಒಲೆಗೆ ಹಾಕಿದೆ. ನೀನು ಜೋಪಾನವಾಗಿ ಇಟ್ಟುಕೊಂಡಿರುವ ನಿನ್ನ ತಂದೆಯ ಕಾಗದಗಳಲ್ಲಿ ಒಂದು ಕಡಿಮೆ ಇದೆ, ನೂರಜಾನ್.

ವೀಸಾ ಸಿಕ್ಕ ಮೇಲೆ, ತೇರದಾಳದ ಮೇಲೆ ಹಾದು ಕುಡಚಿ ಸ್ಟೇಷನ್ನಿಗೆ ಹೋಗುವ ಬಸ್ಸಿನಲ್ಲಿ ಅಣ್ಣನ ಜೊತೆ ಅವಳು ಹೊರಟಳು. ಮುಂಬೈಗೆ ರೈಲು, ಅಲ್ಲಿಂದ ಹಡಗು; ಹಡಗು ಹತ್ತಿಸಿ ಅಣ್ಣ ಹಿಂದಿರುಗಿದರು. ಆ ಮೂರು ತಿಂಗಳು ನಾನು ಶಾಲೆಯಿಂದ ಬಂದು ಗೋಡೆಗೆ ಕಿವಿ ಕೊಟ್ಟು ಕೂಡುತ್ತಿದ್ದೆ. ಆಚೆ ಮಗ್ಗದ ಸಪ್ಪಳವಿರಲಿಲ್ಲ. ಅವಳು ಅಲ್ಲೇ ಉಳಿದುಬಿಟ್ಟರೆ ಎಂಬ ಹೆದರಿಕೆ ಒಂದು ಗಳಿಗೆ, ಉಳಿಯಲಿ ದೇವರೇ ಎಂಬ ಪ್ರಾರ್ಥನೆ ಇನ್ನೊಂದು ಗಳಿಗೆ.

ಅವಳು ತಿರುಗಿ ಬಂದಳು. ಅವಳ ಅಣ್ಣನ ಜೊತೆ ನಾನೂ ಕುಡಚಿಗೆ ಹೋಗಿದ್ದೆ. ರೈಲಿನಿಂದ ಇಳಿದವಳನ್ನು ಕಂಡಾಗ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಅವಳು ನನ್ನನ್ನು ಅಪ್ಪಿಕೊಂಡು ಪ್ಲಾಟ್‌ಫಾರ್ಮಿನ ಮೇಲೇ ಅತ್ತಳು.

"ಖಾಯಂ ಮಾಡಾಕ ಬರೂದಿಲ್ಲಂತ್ರಿ. ಅಲ್ಲಿ ಕಚೇರ್ಯಾಗ ಎಷ್ಟ ಕೈಕಾಲು ಬಿದ್ರೂ ಹೊಳ್ಳಿ ಹೋಗು ಅಂದ್ರು. ನಾ ಬರದದ್ದನ್ನ ಅಕ್ಕೋರು ಓದಲಿಲ್ಲೇನು ಅಂತ ನಮ್ಮ ಮನಿಯವರು ಕೇಳಿದ್ರು. ಅಕ್ಕೋರು ಹಂಗ ಮಾಡೂದಿಲ್ಲ, ಮುಂದ ಖಾಯಂ ಮಾಡೂಹಂಗ ಬರದಿದ್ರು, ಅದನ್ನ ಮುಂಬೈ ಕಾರಕೂನನ ತಪ್ಪ ಬರದಿರಬೇಕು ಅಂತ ನಾನ ಅಂದೆ." ಆಮೇಲೆ ಕಣ್ಣೊರೆಸಿಕೊಂಡು ನನ್ನ ಮುಖ ನೋಡಿದಳು. "ನೀವು ಓದಿದ್ರಿ, ಅಲ್ರಿ?"

"ಓದಿದ್ದೆ," ಎಂದೆ.

ಆ ಒಂದು ಮಾತಿನಲ್ಲೇ ಎಲ್ಲವನ್ನೂ ಹೇಳಿಬಿಡಬಹುದಿತ್ತು. ಹೇಳಲಿಲ್ಲ.

ಆಗ ನೀನು ಅವಳ ಹೊಟ್ಟೆಯಲ್ಲಿದ್ದೆ. ನೀನು ಹುಟ್ಟಿದಾಗ ಸೂಲಗಿತ್ತಿ ನಿನ್ನನ್ನು ಮೊದಲು ಇಟ್ಟದ್ದು ನನ್ನ ತೊಡೆಯ ಮೇಲೆ. ಹಲೀಮಾಗಾಗಿ ಮತ್ತೆ ಅರ್ಜಿ ಬರೆದೆ — ಈ ಸಲ ಖಾಯಂ ಎಂದೇ, ನಿನ್ನ ಹೆಸರನ್ನೂ ಸೇರಿಸಿ. ತಿರಸ್ಕಾರವಾಯಿತು. ಮತ್ತೆ ಬರೆದೆ. ಉತ್ತರವೇ ಬರಲಿಲ್ಲ. ನಿನ್ನ ತಂದೆ ಇಲ್ಲಿಗೆ ಬರಲು ಅಲ್ಲಿಂದ ಅರ್ಜಿ ಹಾಕಿದರು, ಅದೂ ಆಗಲಿಲ್ಲ. ಅವರು ಮತ್ತೊಂದು ಮದುವೆ ಮಾಡಿಕೊಳ್ಳಲಿಲ್ಲ. ನೀನು ಮ್ಯಾಟ್ರಿಕ್ ಓದುತ್ತಿದ್ದಾಗ ಅವರ ಗೆಳೆಯರಿಂದ ಸಾವಿನ ಸುದ್ದಿ ಬಂತು. ಅದನ್ನು ಓದಿ ಹೇಳಿದವಳೂ ನಾನೇ. ಆ ಕಾಗದದಲ್ಲಿ ಒಂದು ಅಕ್ಷರವನ್ನೂ ಬಿಡಲಿಲ್ಲ.

ಕಳೆದ ವಾರ ಹಲೀಮಾ ಓಣಿಯ ಹೆಂಗಸರೊಡನೆ, "ಅಕ್ಕೋರು ಇರಲಿಲ್ಲಂದ್ರ ನಾ ಎಂದೋ ಸತ್ತ ಹೋಗತಿದ್ದೆ," ಎನ್ನುತ್ತಿದ್ದಳು. ಒಳಗಿದ್ದ ನನಗೆ ಕೇಳಿಸಿತು. ಅದಾದ ಮೇಲೆ ಅವಳ ಕೈಯಿಂದ ಚಹಾ ಇಸಿದುಕೊಳ್ಳಲೂ ಆಗಲಿಲ್ಲ.

ನಿನ್ನೆ ಮಧ್ಯಾಹ್ನ ಅವಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಕೂಗಾಡಲಿಲ್ಲ. ಕೇಳಿದ್ದು ಇಷ್ಟೇ:

"ಆ ಕಾಗದದಾಗ ನೀವು ಬಿಟ್ಟದ್ದು ಮತ್ತೇನ ಇತ್ತು?"

ಇತ್ತು. ಮರೆಯಲಾಗದೆ ಉಳಿದಿತ್ತು. ಹೇಳಿದೆ: "ಗಿರಣ್ಯಾಗ ನೂರಾರು ಮಗ್ಗ ಅದಾವು, ಹಲೀಮಾ. ನಿನ್ನ ಕೈಯಾಗಿನ ಲಾಳಿ ಸಪ್ಪಳ ಒಂದ ಇಲ್ಲ."

"ಇನ್ನೊಮ್ಮೆ ಅನ್ರಿ," ಎಂದಳು.

ಇನ್ನೊಮ್ಮೆ ಹೇಳಿದೆ. ಅವಳ ತುಟಿ ನನ್ನ ಮಾತಿನ ಜೊತೆಗೇ ಅಲುಗಿತು — ಬಾಯಿಪಾಠ ಮಾಡಿಕೊಳ್ಳುವ ಮಕ್ಕಳಂತೆ. ಆಮೇಲೆ ಎದ್ದು ಬಾಗಿಲು ಹಿಡಿದು ನಿಂತಳು.

"ಇನ್ನ ನೀವು ಹೋಗ್ರಿ ಅಕ್ಕೋರ."

ಕ್ಷಮಿಸು ಎಂದು ಅವಳನ್ನು ಕೇಳಲಿಲ್ಲ, ನಿನ್ನನ್ನೂ ಕೇಳುವುದಿಲ್ಲ. ನಾನು ಒಂಟಿಯಾಗಿದ್ದೆ, ಚಿಕ್ಕವಳಿದ್ದೆ ಎಂದೆಲ್ಲ ಬರೆಯಬಹುದು. ಅವಳೂ ಒಂಟಿಯಾಗಿದ್ದಳು, ನನಗಿಂತ ಚಿಕ್ಕವಳಾಗಿದ್ದಳು.

ಬೆಳಗಿನಿಂದ ಅವಳು ಕದ ತೆಗೆದಿಲ್ಲ. ಒಳಗೆ ಓಡಾಡುವುದು ಕೇಳಿಸುತ್ತದೆ, ನಾನು ಕರೆದರೆ ಉತ್ತರವಿಲ್ಲ. ನೀನಿರುವ ಮುಧೋಳಕ್ಕೆ ಹೋಗುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಈ ಕಾಗದ ಕೊಟ್ಟು ಕಳಿಸುತ್ತಿದ್ದೇನೆ. ಸಿಕ್ಕ ಕೂಡಲೇ ಹೊರಟು ಬಾ. ನನ್ನ ಮನೆಗೆ ಬರುವುದು ಬಿಡುವುದು ನಿನ್ನ ಇಚ್ಛೆ. ನೇರ ಅವಳ ಬಳಿ ಹೋಗು. ನಿನ್ನ ದನಿಗೆ ಅವಳು ಕದ ತೆಗೆಯುತ್ತಾಳೆ.