ಹಿಟ್ಟಿಲ್ಲದ ಬ್ಲಾ

ವರದಿಗಳ ಹೊರತು ಬೇರೇನನ್ನೂ ಬರೆದು ಅಭ್ಯಾಸವಿಲ್ಲದವಳು ನಾನು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲನೆಯವಳು. ಆ ಕಾರಣಕ್ಕೋ ಏನೋ, ಒಂದು ವಾಕ್ಯ ಬರೆದರೆ ಅದು ಸರಿಯಾಗಿದೆಯೇ ಎಂದು ಮೂರು ಸಲ ನೋಡುತ್ತೇನೆ. ಹೀಗೆ ನೋಡಿ ನೋಡಿ ಬರೆದುದರಲ್ಲಿ ಜೀವ ಕಡಿಮೆಯಾಗಿದ್ದರೆ, ಹಿಂದುಮುಂದಾಗಿದ್ದರೆ, ಓದುವವರು ಮನ್ನಿಸಬೇಕು. ಬೇಕೆಂದು ಏನನ್ನೂ ಬಿಟ್ಟಿಲ್ಲ, ಈ ಸಲ.

ಕಳೆದ ವಾರ ಐರ್ಲೆಂಡಿನ ಗಾಲ್ವೇಯ ನಮ್ಮ ಕಚೇರಿಯಲ್ಲಿ, ವಾಟರ್‌ಫರ್ಡಿನ ತವರಿಗೆ ಹೋಗಿ ಬಂದ ಸಹೋದ್ಯೋಗಿಯೊಬ್ಬರು ಚಹಾ ಮಾಡುವ ಜಾಗದಲ್ಲಿ ಒಂದು ಕಾಗದದ ಚೀಲವನ್ನಿಟ್ಟಿದ್ದರು. ಒಳಗೆ ಬ್ಲಾಗಳಿದ್ದವು. ಬ್ಲಾ ಎಂದರೆ ಐರ್ಲೆಂಡಿನ ದಕ್ಷಿಣದಲ್ಲಿ, ವಾಟರ್‌ಫರ್ಡಿನ ಸುತ್ತಮುತ್ತ ಮಾಡುವ ಮೆತ್ತನೆಯ ಬನ್ನು. ನಮ್ಮ ಅಯ್ಯಂಗಾರ್ ಬೇಕರಿಯ ಬನ್ನಿನಿಂದ ಸಿಹಿಯನ್ನೂ ಹೊಳಪನ್ನೂ ತೆಗೆದು, ಮೇಲೆ ಧಾರಾಳವಾಗಿ ಬಿಳಿ ಹಿಟ್ಟು ಉದುರಿಸಿದರೆ ಹೇಗಿರುತ್ತದೋ ಹಾಗೆ. ಒಂದನ್ನು ಎತ್ತಿಕೊಂಡೆ. ಕಪ್ಪು ಕೋಟಿನ ತೋಳಿನ ಮೇಲೆ ಹಿಟ್ಟು ಬಿತ್ತು. ಕೊಡವಲು ಎತ್ತಿದ ಕೈ ಅಲ್ಲೇ ನಿಂತಿತು...

ಓದು ಮುಗಿದ ಮೇಲೆ ನನಗೆ ಮೊದಲ ಕೆಲಸ ಸಿಕ್ಕಿದ್ದು ವಾಟರ್‌ಫರ್ಡಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಒಂದು ಸಣ್ಣ ಊರಿನಲ್ಲಿ. ಹಿಂದೆ ಅಲ್ಲಿ ಚರ್ಮ ಹದ ಮಾಡುವ ದೊಡ್ಡ ಕಾರ್ಖಾನೆಯಿತ್ತು. ಅದು ಮುಚ್ಚಿ ಒಂದು ತಲೆಮಾರು ಕಳೆದಿತ್ತು. ಅದರ ಬೆನ್ನಿಗೆ ಬ್ಯಾಂಕು, ಬಟ್ಟೆಯಂಗಡಿ, ಅಂಚೆ ಕಚೇರಿ ಎಲ್ಲವೂ ಹೋಗಿ, ಮುಖ್ಯ ಬೀದಿಯಲ್ಲಿ ಉಳಿದದ್ದು ಒಂದು ಔಷಧಿ ಅಂಗಡಿ, ಒಂದು ಪಬ್ಬು ಮತ್ತು ಒಂದು ಬೇಕರಿ ಮಾತ್ರ. ಚರ್ಮದ ಕಾರ್ಖಾನೆಯ ಜಾಗದಲ್ಲೇ ಈಗ ಹೊಸ ಕಾರ್ಖಾನೆ ಎದ್ದಿತ್ತು. ಹೃದಯದ ರಕ್ತನಾಳದೊಳಗೆ ಹಾಯಿಸುವ ಸಣ್ಣ ಕೊಳವೆಗಳನ್ನು ಅಲ್ಲಿ ತಯಾರಿಸುತ್ತಿದ್ದರು. ನಾನು ಗುಣಮಟ್ಟ ವಿಭಾಗದ ಕಿರಿಯ ಎಂಜಿನಿಯರು. ಎರಡನೆಯ ಕಟ್ಟಡವೂ ಬರಲಿದೆಯೆಂದು ಪ್ರಕಟಿಸಿ, ಅದರ ಬಣ್ಣದ ಚಿತ್ರವನ್ನು ಬೇಲಿಗೆ ಕಟ್ಟಿದ್ದರು. ಆ ಚಿತ್ರದಲ್ಲಿ ಬಿಸಿಲಿತ್ತು, ಮಕ್ಕಳಿದ್ದರು, ಸೈಕಲ್ಲುಗಳಿದ್ದವು.

ಬಾಡಿಗೆ ಮನೆ ಎಲ್ಲಿಯೂ ಸಿಗದೆ, ಕೊನೆಗೆ ಬೇಕರಿಯ ಮೇಲಿನ ಕೋಣೆ ಸಿಕ್ಕಿತು. ಬೇಕರಿಯ ಒಡತಿಗೆ ಆಗ ಅರವತ್ತು ದಾಟಿತ್ತು. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಅವರಿಗೆ ಬಂದ ಅಂಗಡಿ. ಮದುವೆಯಾಗಿರಲಿಲ್ಲ. ಆ ದೇಶದಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ನಾಲಗೆ ಏಳಲಿಲ್ಲ. ಮ್ಯಾಡಮ್ ಎಂದೆ. ಅವರು ಹಿಟ್ಟಿನ ಕೈಯನ್ನು ಸೊಂಟಕ್ಕಿಟ್ಟು ಹೇಳಿದ್ದನ್ನು ನನ್ನ ಕನ್ನಡದಲ್ಲಿ ಬರೆಯುವುದಾದರೆ ಹೀಗೆ: “ಮ್ಯಾಡಮ್ ಅನ್ಬೇಡ ಹುಡುಗಿ, ತೆರಿಗೆ ಇಲಾಖೆಯವ್ರು ಬಂದ್ರೇನೋ ಅನ್ಸತ್ತೆ.” ಅಂದಿನಿಂದ ಅವರನ್ನು ಏನೆಂದೂ ಕರೆಯದೆಯೇ ಮಾತನಾಡುವುದನ್ನು ಕಲಿತೆ. ದಾವಣಗೆರೆಯ ಮನೆಗೆ ಫೋನು ಮಾಡಿದಾಗ ಮಾತ್ರ ಅವರು ‘ಬೇಕರಿಯಮ್ಮ’ ಆಗುತ್ತಿದ್ದರು.

ಬೆಳಗಿನ ಜಾವ ಅವರು ಒಲೆ ಹೊತ್ತಿಸಿದರೆ ನನ್ನ ಕೋಣೆಯ ನೆಲ ಬೆಚ್ಚಗಾಗುತ್ತಿತ್ತು. ನನ್ನ ತಂದೆ ಹತ್ತಿ ಗಿರಣಿ ಮುಚ್ಚಿದ ಮೇಲೆ ಮಂಡಕ್ಕಿ ಭಟ್ಟಿಯಲ್ಲಿ ದುಡಿದವರು. ಕಾದ ಮರಳಿನ ವಾಸನೆಯ ಅಂಗಿಯೊಂದಿಗೆ ಮನೆಗೆ ಬರುತ್ತಿದ್ದರು. ಆ ಬೆಚ್ಚನೆಯ ನೆಲದ ಮೇಲೆ ಬರಿಗಾಲಿನಲ್ಲಿ ನಿಂತಾಗ, ನಾನು ಬಹಳ ದೂರ ಬಂದಿಲ್ಲವೆಂದು ಅನ್ನಿಸುತ್ತಿತ್ತು.

ನಾನು ಅಲ್ಲಿಗೆ ಹೋದ ಮೊದಲ ವಾರದಲ್ಲೇ ಒಂದು ಘಟನೆ ನಡೆಯಿತು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಬೇಕರಿಯಮ್ಮ ಬ್ರೆಡ್ಡು ಕೊಯ್ಯುತ್ತಿದ್ದವರು ಚಾಕು ಕೆಳಗಿಟ್ಟು, ದೀಪ ಆರಿಸಿ, ಕಿಟಕಿಯ ಸುರುಳಿ ಪರದೆಯನ್ನು ಕೆಳಗೆ ಎಳೆದು, ಬಾಗಿಲು ಮುಚ್ಚಿದರು. ಹೊರಗೆ ಶವದ ವಾಹನ ನಿಧಾನವಾಗಿ ಸಾಗಿಹೋಯಿತು. ಅದು ದಾಟಿದ ಮೇಲೆ ಪರದೆ ಎತ್ತಿ, “ತೆಳ್ಳಗೆ ಬೇಕು ಅಂದ್ರಿ ಅಲ್ವಾ?” ಎನ್ನುತ್ತಾ ಚಾಕು ಎತ್ತಿಕೊಂಡರು. ನಮ್ಮ ಕಡೆಯೂ ಹೆಣ ಹಾಯ್ದು ಹೋಗುವಾಗ ಅರ್ಧ ಷಟರ್ ಇಳಿಸುತ್ತಾರೆಂದು ನಾನು ಹೇಳಿದೆ. ಅವರಿಗೆ ಬಹಳ ಹಿಡಿಸಿತು. ಅವರ ಬಾಲ್ಯದಲ್ಲಿ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಪರದೆಗಳು ಒಂದರ ಹಿಂದೊಂದು ಇಳಿಯುವ ಸದ್ದು ಕೇಳುತ್ತಿತ್ತಂತೆ. ಶವದ ವಾಹನ ಎಲ್ಲಿಗೆ ಬಂತೆಂದು ಆ ಸದ್ದಿನಿಂದಲೇ ತಿಳಿಯುತ್ತಿತ್ತಂತೆ...

ಹೊಸ ಕಾರ್ಖಾನೆಯವರು ಬೆಳಗಿನ ಪಾಳಿಯ ಹತ್ತು ಗಂಟೆಯ ಬಿಡುವಿಗೆ ಅವರಿಂದ ಬ್ಲಾ ತರಿಸತೊಡಗಿದ್ದರು. ಚರ್ಮದ ಕಾರ್ಖಾನೆಯ ಕಾಲದಲ್ಲಿ ಅವರ ತಂದೆ ಅದೇ ಗೇಟಿಗೆ, ಅದೇ ಹೊತ್ತಿಗೆ ಮರದ ತಟ್ಟೆಗಳನ್ನು ಒಯ್ಯುತ್ತಿದ್ದರು. ಅಟ್ಟದಲ್ಲಿದ್ದ ಆ ತಟ್ಟೆಗಳನ್ನೇ ಇಳಿಸಿ ತೊಳೆದರು. ಊರಿನ ಹೆಂಗಸೊಬ್ಬರನ್ನು ಸಹಾಯಕ್ಕೆ ಕರೆದುಕೊಂಡರು. ಎರಡನೆಯ ಕಟ್ಟಡ ಬಂದರೆ ಎರಡು ಪಾಳಿ, ತಟ್ಟೆಗಳೂ ದುಪ್ಪಟ್ಟು ಎಂದು ಹೇಳಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಕೊಳವೆಗಳನ್ನು ಜೋಡಿಸುವ ನಮ್ಮ ಶುದ್ಧಕೋಣೆಯ ಗಾಳಿಯಲ್ಲಿ ಧೂಳಿನ ಕಣ ಹೆಚ್ಚಾಗಿ ಕಂಡಿತು. ಪರೀಕ್ಷೆ ಮಾಡಿದವಳು ನಾನು. ಬಿಡುವಿನಲ್ಲಿ ಬ್ಲಾ ತಿಂದವರ ಮೈಮೇಲಿಂದ ಬಂದ ಗೋಧಿ ಹಿಟ್ಟು. ವರದಿಯಲ್ಲಿ ಹಾಗೆಂದೇ ಬರೆದೆ. ಬ್ಲಾ ಬೇಕಾದರೆ ಹಿಟ್ಟಿಲ್ಲದೆ ಬರಲಿ ಎಂದು ಮೇಲಿನವರು ತಿಳಿಸಿದರು. ಹಿಟ್ಟಿಲ್ಲದ ಬ್ಲಾ ಎಂದರೆ ಒಗ್ಗರಣೆಯಿಲ್ಲದ ಮಂಡಕ್ಕಿಯಂತೆ. ತಿನ್ನಬಹುದು, ಹೆಸರು ಹೇಳಬಾರದು. ಮರುದಿನದಿಂದ ಬೇಕರಿಯಮ್ಮ, ಹಿಟ್ಟು ಉದುರಿಸಿಯೇ ಬೇಯಿಸಿದ ಒಂದೊಂದನ್ನೂ ಮೆತ್ತನೆಯ ಬ್ರಷ್ಷಿನಿಂದ ಒರೆಸಿ ತಟ್ಟೆಗೆ ಜೋಡಿಸತೊಡಗಿದರು. ಪಬ್ಬಿನ ಮಾಲೀಕರು ಬಾಗಿಲಲ್ಲಿ ನಿಂತು ನಕ್ಕರು: “ಏನು, ಬ್ಲಾಗಳಿಗೆಲ್ಲ ಕ್ಷೌರ ಮಾಡಿಸ್ತಿದ್ದೀಯ? ನಿಮ್ಮಜ್ಜ ಗೋರಿಯಿಂದ ಎದ್ದು ಬರ್ತಾನೆ ನೋಡು.”

“ಬರ್ಲಿ ಬಿಡು. ಒರೆಸೋಕೆ ಇನ್ನೊಬ್ರು ಬೇಕಾಗಿದ್ರು,” ಎಂದರು ಬೇಕರಿಯಮ್ಮ.

ನನಗೆಂದು ದಿನವೂ ಮೆಟ್ಟಿಲ ಮೇಲೆ ಒಂದು ಕಾಗದದ ಚೀಲವಿರುತ್ತಿತ್ತು. ಅದರೊಳಗಿನ ಬ್ಲಾದ ಮೇಲೆ ಹಿಟ್ಟಿರುತ್ತಿತ್ತು. ಕಾರ್ಖಾನೆಗೆ ಬೋಳು, ಮನೆಯವರಿಗೆ ಹಿಟ್ಟಿಂದು ಎಂದು ಅವರೇ ಹೇಳಿದ್ದರು. ಕೋಟು ಹಾಕಿಕೊಳ್ಳುವ ಮೊದಲೇ ತಿಂದು, ತುಟಿ ಒರೆಸಿಕೊಂಡು ಹೋಗುತ್ತಿದ್ದೆ.

ಹೊಸ ಉದ್ಯಮ ಊರನ್ನು ಎಬ್ಬಿಸುತ್ತದೆಯೇ ಎಂಬುದು ಆಗ ಎಲ್ಲರ ಬಾಯಲ್ಲಿದ್ದ ಮಾತು. ನಾನು ಕಂಡದ್ದಿಷ್ಟು. ಕೆಲಸಗಾರರು ದೂರದ ಊರುಗಳಿಂದ ಕಾರಿನಲ್ಲಿ ಬರುತ್ತಿದ್ದರು, ಪಾಳಿ ಮುಗಿದೊಡನೆ ಊರ ಹೊರಗಿನಿಂದಲೇ ಹಾಯುವ ರಸ್ತೆ ಹಿಡಿದು ಹೋಗುತ್ತಿದ್ದರು. ಮುಖ್ಯ ಬೀದಿ ಅವರ ದಾರಿಯಲ್ಲೇ ಇರಲಿಲ್ಲ. ಒಮ್ಮೆ ಬೇಕರಿಯಮ್ಮ ಹೇಳಿದರು: “ಚರ್ಮದ ಕಾರ್ಖಾನೆ ನಾರ್ತಿತ್ತು. ಆದ್ರೆ ಆ ನಾತ ನಮ್ಮೋರ ಮೈಮೇಲಿತ್ತು. ಚರ್ಚಲ್ಲಿ ಪಕ್ಕ ಕೂತವ್ನು ಎಲ್ಲಿ ಕೆಲ್ಸ ಮಾಡ್ತಾನೆ ಅಂತ ಮೂಗೇ ಹೇಳ್ತಿತ್ತು. ನಿಮ್ದಕ್ಕೆ ವಾಸ್ನೆನೇ ಇಲ್ವಲ್ಲ ಹುಡುಗಿ.” ಅದು ದೂರಲ್ಲ, ತಮಾಷೆಯೂ ಅಲ್ಲ.

ಆ ಚಳಿಗಾಲದಲ್ಲಿ ಹತ್ತಿರದ ಪಟ್ಟಣ ಕ್ಲಾನ್‌ಮೆಲ್ಲಿನ ಸೂಪರ್‌ಮಾರ್ಕೆಟ್ಟಿನವರು ಅವರನ್ನು ಕೆಲಸಕ್ಕೆ ಕರೆದರು. ಬ್ರೆಡ್ಡಿನ ವಿಭಾಗದ ಮುಖ್ಯಸ್ಥೆಯ ಹುದ್ದೆ, ನಿವೃತ್ತಿಯವರೆಗೆ ನಿಶ್ಚಿಂತೆ. ಒಪ್ಪುವುದಾದರೆ ಅಂಗಡಿ ಮುಚ್ಚಬೇಕು. ಉಳಿಸಿಕೊಳ್ಳುವುದಾದರೆ ಬಿರುಕು ಬಿಟ್ಟ ಒಲೆಯ ತಳವನ್ನು ಕಿತ್ತು ಹೊಸದಾಗಿ ಕಟ್ಟಿಸಬೇಕು. ಉತ್ತರಕ್ಕೆ ಎರಡು ವಾರ ಸಮಯವಿತ್ತು.

ಆ ಎರಡು ವಾರಗಳ ನಡುವೆಯೇ ಒಂದು ಕಡತ ನನ್ನ ಮೇಜಿಗೆ ಬಂತು. ಎರಡನೆಯ ಕಟ್ಟಡಕ್ಕೆಂದು ಗೊತ್ತುಮಾಡಿದ್ದ ಯಂತ್ರಗಳ ಪರೀಕ್ಷಾ ಯೋಜನೆ. ಸ್ಥಳದ ಹೆಸರಿರುವ ಜಾಗದಲ್ಲಿ ಬೇರೊಂದು ದೇಶದ ಊರಿನ ಹೆಸರಿತ್ತು. ತಪ್ಪಾಗಿರಬಹುದೆಂದು ಮೇಲಧಿಕಾರಿಯನ್ನು ಕೇಳಿದೆ. ತಪ್ಪಲ್ಲ, ಆದರೆ ಹೊರಗೆ ಎಲ್ಲಿಯೂ ಆಡಬಾರದು ಎಂದರು. ಆಡಬಾರದೆಂಬ ಕಾಗದಕ್ಕೆ ನಾನು ಸೇರಿದ ದಿನವೇ ಸಹಿ ಹಾಕಿದ್ದೆ. ನನ್ನ ಕೆಲಸದ ಪರ್ಮಿಟ್ಟು ಆ ಕಾರ್ಖಾನೆಯ ಹೆಸರಿನಲ್ಲಿತ್ತು. ಕೆಲಸ ಹೋದರೆ ಈ ದೇಶದಲ್ಲಿ ನಿಲ್ಲಲು ನೆಲವಿರಲಿಲ್ಲ. ತಂಗಿ ಆಗ ನರ್ಸಿಂಗ್ ಎರಡನೆಯ ವರ್ಷದಲ್ಲಿದ್ದಳು.

ಇಲ್ಲಿ ನನ್ನ ತಂದೆಯ ಮಾತನ್ನು ಹೇಳಲೇಬೇಕು. ನಾನು ಚಿಕ್ಕವಳಿದ್ದಾಗ ಹರಿಹರದ ಒಂದು ಕಾರ್ಖಾನೆಯಲ್ಲಿ ಅವರಿಗೆ ಕೆಲಸ ಸಿಗುವುದಿತ್ತು. ಗಿರಣಿ ಬಿಡುವುದೋ ಬೇಡವೋ ಎಂದು, ಅದೇ ಗಿರಣಿಯ ಹಾಜರಿ ಬರೆಯುವ ಟೈಮ್ ಆಫೀಸಿನ ಗುಮಾಸ್ತರನ್ನು ಯುಗಾದಿಯ ದಿನ ಮನೆಗೆ ಕರೆದು ಊಟಕ್ಕಿಟ್ಟು ಕೇಳಿದ್ದರು. ಅವರು ‘ಎಲ್ಲಾ ಇದ್ದಂಗೇ ಐತಲ್ಲ’ ಎಂದರಂತೆ. ತಂದೆ ಹರಿಹರಕ್ಕೆ ಬರುವುದಿಲ್ಲವೆಂದು ಹೇಳಿ ಕಳಿಸಿದರು. ಎರಡು ತಿಂಗಳಿಗೆ ಗಿರಣಿಯ ಗೇಟಿಗೆ ಬೀಗ ಬಿತ್ತು. ಆ ಮಾತನ್ನು ತಂದೆ ಪ್ರತಿ ಯುಗಾದಿಗೂ ತೆಗೆಯುತ್ತಿದ್ದರು. “ಗೊತ್ತಿತ್ತವ್ವಾ ಅವ್ನಿಗೆ. ನಮ್ಮನೇಲಿ ಕುಂತು ಹೋಳ್ಗಿ ಉಂಡ, ತುಪ್ಪ ಇನ್ನಷ್ಟು ಹಾಕ್ರಿ ಅಂದ, ಹೇಳ್ಲಿಲ್ಲ.” ನಾವು ಅಕ್ಕತಂಗಿಯರು ಆ ಗುಮಾಸ್ತರನ್ನು ದ್ವೇಷಿಸುತ್ತಲೇ ಬೆಳೆದೆವು.

ಬುಧವಾರ ಅರ್ಧ ದಿನ ಅಂಗಡಿಗೆ ರಜೆ. ಆ ಮಧ್ಯಾಹ್ನ ಬೇಕರಿಯಮ್ಮ ನನ್ನನ್ನು ಕೆಳಗೆ ಕರೆದು ಚಹಾ ಕೊಟ್ಟರು. ಎದುರಿಗೆ ಕುಳಿತು, ಮುಚ್ಚುಮರೆಯಿಲ್ಲದೆ ಕೇಳಿದರು: “ನೀನು ಒಳಗಿರೋಳು. ಎರಡನೇದು ಬರತ್ತೆ ತಾನೆ? ಕ್ಲಾನ್‌ಮೆಲ್‌ನವ್ರಿಗೆ ನಾಳೆ ಹೇಳ್ಬೇಕು.”

ನಾನು ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿಕೊಂಡೆ, ತಿದ್ದಿಕೊಂಡೆ. “ಅಧಿಕೃತವಾಗಿ ಹೇಳಿರೋದ್ರಲ್ಲಿ ಇಲ್ಲೀವರ್ಗೂ ಏನೂ ಬದಲಾಗಿಲ್ಲ,” ಎಂದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

“ಗ್ರ್ಯಾಂಡ್, ಸರಿ ಹಾಗಾದ್ರೆ,” ಎಂದು ಎದ್ದರು. ಚಹಾದ ಜೊತೆಗೆ ಕೊಟ್ಟಿದ್ದ ಬ್ಲಾದ ಮೇಲೆ ಇನ್ನಷ್ಟು ಬೆಣ್ಣೆ ಸವರಿದರು. ನಾನು ತಿಂದೆ.

ಮರುವಾರ ಗಾರೆಯವರು ಬಂದು ಒಲೆಯ ತಳಕ್ಕೆ ಹೊಸ ಇಟ್ಟಿಗೆ ಹಾಸಿದರು. ಬೇಕರಿಯಮ್ಮ ಒಲೆಯ ಬಾಯೊಳಗೆ ತಲೆಯಿಟ್ಟು ನೋಡಿ, ತಮ್ಮ ನಂತರವೂ ಬಾಳುವ ಒಲೆ ಎಂದರು. ಮೇಲೆ ನನ್ನ ಕೋಣೆಯ ನೆಲ ಮೊದಲಿಗಿಂತ ಬಿಸಿಯಾಗುತ್ತಿತ್ತು. ನಾನು ಚಪ್ಪಲಿ ಹಾಕಿಕೊಳ್ಳತೊಡಗಿದೆ.

ಬೇಸಿಗೆಯ ಹೊತ್ತಿಗೆ ಪ್ರಕಟಣೆ ಬಂತು. ಎರಡನೆಯ ಕಟ್ಟಡವಿಲ್ಲ. ಇದ್ದ ಕೆಲಸದಲ್ಲೂ ಅರ್ಧ ಹೊರಗೆ ಹೋಗುತ್ತದೆ. ಬಿಡುವಿನ ಕೋಣೆಯಲ್ಲಿ ಪೊಟ್ಟಣದ ತಿಂಡಿ ಉದುರಿಸುವ ಯಂತ್ರವನ್ನಿಟ್ಟರು. ತಟ್ಟೆಗಳು ವಾಪಸ್ಸು ಬಂದವು. ಕ್ಲಾನ್‌ಮೆಲ್ಲಿನ ಹುದ್ದೆ ಬೇರೆಯವರಿಗೆ ಹೋಗಿ ಬಹಳ ದಿನವಾಗಿತ್ತು. ಸಹಾಯಕ್ಕೆ ಬರುತ್ತಿದ್ದ ಹೆಂಗಸನ್ನು ಬಿಡಿಸಿದ ದಿನ ಸಂಜೆ, ಬೇಕರಿಯಮ್ಮ ಮೆಟ್ಟಿಲ ಕೆಳಗೆ ನಿಂತು ನನ್ನನ್ನು ಕೇಳಿದರು: “ಆವತ್ತು ಚಹಾ ಕುಡಿದಾಗ... ನಿಂಗೆ ಗೊತ್ತಿತ್ತಾ?”

“ನಾನು ಸಹಿ ಮಾಡಿದ್ದೆ,” ಎಂದೆ.

ಅವರು ತಲೆಯಾಡಿಸಿದರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತೆಂದು ಅವರಿಗೂ ತಿಳಿದಿತ್ತೋ ಏನೋ.

ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಎಂದಿನಂತೆ ಕಾಗದದ ಚೀಲವಿತ್ತು. ತೆರೆದು ನೋಡಿದೆ. ಬೋಳು ಬ್ಲಾ. ಕಾರ್ಖಾನೆಗೆ ತಟ್ಟೆಗಳು ಹೋಗುವುದು ನಿಂತಮೇಲೆ ಅಂಗಡಿಯಲ್ಲಿ ಬೋಳು ಬ್ಲಾ ಮಾಡುವುದೇ ನಿಂತಿತ್ತು. ಅದೊಂದನ್ನೇ ಬ್ರಷ್ಷಿನಿಂದ ಒರೆಸಿ ಇಟ್ಟಿದ್ದರು. ಒಂದು ಕಣ ಹಿಟ್ಟೂ ಉಳಿಯದಂತೆ, ನನ್ನ ವರದಿಯೂ ಒಪ್ಪುವಷ್ಟು ಶುದ್ಧವಾಗಿ. ಆ ಮನೆಯಲ್ಲಿದ್ದಷ್ಟು ದಿನವೂ ಹಾಗೆಯೇ ಇಡುತ್ತಿದ್ದರು. ದಿನವೂ ತಿಂದೆ. ತಿನ್ನದಿರುವ ಹಕ್ಕು ನನಗಿರಲಿಲ್ಲ...

ಶರತ್ಕಾಲದಲ್ಲಿ ಅಂಗಡಿ ಮುಚ್ಚಿತು. ಆ ಹೊತ್ತಿಗೆ ನನಗೆ ಗಾಲ್ವೇಯಲ್ಲಿ ಬೇರೆ ಕೆಲಸವಾಗಿತ್ತು. ಹೊರಡುವ ದಿನ ಅವರು ಕೈ ಕುಲುಕಿದರು. ಕೈಯಲ್ಲಿ ಹಿಟ್ಟಿರಲಿಲ್ಲ. ಬರಿದಾದ ಆ ಕೈಯನ್ನು ಮುಟ್ಟಿದ್ದು ಅದೇ ಮೊದಲು, ಒರಟಾಗಿತ್ತು.

ಎರಡು ವರ್ಷಗಳ ನಂತರ ಪಬ್ಬಿನ ಮಾಲೀಕರಿಂದ ಸಂದೇಶ ಬಂತು. ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದ ಬೇಕರಿಯಮ್ಮ ಅಲ್ಲೇ ಕುಸಿದು ತೀರಿಕೊಂಡರಂತೆ. ರಜೆ ಹಾಕಿ ಹೋದೆ. ಹೊಸ ಕಾರ್ಖಾನೆಯ ಮುಂದೆ ಕಾರುಗಳಿದ್ದವು, ಮೊದಲಿಗಿಂತ ಕಡಿಮೆ. ಮುಖ್ಯ ಬೀದಿಯಲ್ಲಿ ಔಷಧಿ ಅಂಗಡಿಯೂ ಹೋಗಿತ್ತು. ಪಬ್ಬು ವಾರಾಂತ್ಯಕ್ಕೆ ಮಾತ್ರ ತೆರೆಯುತ್ತಿತ್ತು. ಶವದ ವಾಹನ ಬೀದಿಗೆ ತಿರುಗಿತು. ನಾನು ಬೇಕರಿಯ ಬಾಗಿಲಲ್ಲಿ ನಿಂತಿದ್ದೆ. ಬೀದಿಯ ಉದ್ದಕ್ಕೂ ಎಲ್ಲಿಯೂ ಒಂದು ಪರದೆ ಇಳಿಯಲಿಲ್ಲ. ಇಳಿಸಲು ತೆರೆದ ಅಂಗಡಿಯೊಂದೂ ಇರಲಿಲ್ಲ. ನನ್ನ ಬೆನ್ನ ಹಿಂದಿನ ಕಿಟಕಿಯಲ್ಲಿ ಅವರೇ ಎಳೆದಿದ್ದ ಪರದೆ, ಅಂಗಡಿ ಮುಚ್ಚಿದ ದಿನದಿಂದ ಹಾಗೆಯೇ ಇತ್ತು. ಯಾವ ಸದ್ದೂ ಇಲ್ಲದೆ ಅವರು ದಾಟಿಹೋದರು.

ಕಳೆದ ವಾರ ಕಚೇರಿಯಲ್ಲಿ ಆ ಬ್ಲಾವನ್ನು ತಿನ್ನಲಿಲ್ಲ. ಚೀಲದಲ್ಲೇ ಇಟ್ಟು ಬಂದೆ. ಸಂಜೆ ಮನೆಗೆ ಫೋನು ಮಾಡಿ, ಇಷ್ಟು ವರ್ಷ ಹೇಳದಿದ್ದುದನ್ನೆಲ್ಲ ತಂದೆಗೆ ಹೇಳಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ, “ಆಯಮ್ಮ ಒಬ್ಬಾಕೇನೇ ಇದ್ಲೇನವ್ವಾ?” ಎಂದರು. ಹೌದೆಂದೆ. ಫೋನನ್ನು ಅಮ್ಮನ ಕೈಗೆ ಕೊಟ್ಟರು.

ಆ ಕೆಲಸ ಉಳಿದದ್ದರಿಂದ ನನ್ನ ತಂಗಿಯ ಓದು ಮುಗಿಯಿತು. ಈಗ ಅವಳೂ ಐರ್ಲೆಂಡಿಗೆ ಬಂದು, ಲೆಟರ್‌ಕೆನ್ನಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಳೆ. ತಂದೆ ಭಟ್ಟಿಯ ಕೆಲಸ ಬಿಟ್ಟರು. ನನಗೆ ಈ ದೇಶದಲ್ಲಿ ಯಾರ ಹೆಸರಿನ ಹಂಗೂ ಇಲ್ಲದೆ ಇರುವ ಅನುಮತಿ ದೊರೆಯಿತು. ಮೊನ್ನೆ ಯುಗಾದಿಯಾಯಿತು. ತಂದೆ ಹೋಳಿಗೆ ಉಂಡು, ಕೈ ತೊಳೆದು ಎದ್ದರಂತೆ. ಗುಮಾಸ್ತರ ಮಾತನ್ನು ತೆಗೆಯಲಿಲ್ಲವೆಂದು ಅಮ್ಮ ಹೇಳಿದರು.